ಮೇಣವಿಲ್ಲದೆ ನಿಂತ ರಾಳದ ಮುಲಾಮು: ನನ್ನ ಅನುಭವ

ಕಳೆದ ಏಪ್ರಿಲ್ ಕೊನೆಯ ವಾರದಲ್ಲಿ, ಮಲೆನಾಡಿನ ನಮ್ಮ ಮನೆಯಲ್ಲಿಯೂ ಮಧ್ಯಾಹ್ನ ಹೆಂಚಿನಡಿ ಕೂರಲಾಗದಷ್ಟು ಸೆಕೆಯಿದ್ದ ದಿನ, ಅದಕ್ಕೆ ಹದಿನೈದು ತಿಂಗಳ ಹಿಂದೆ ತೊಳೆದು ತುಂಬಿಟ್ಟಿದ್ದ ರಾಳದ (ಧೂಪಕ್ಕೆ ಹಾಕುವ ಮರದ ಅಂಟಿನ) ಮುಲಾಮಿನ ಡಬ್ಬಿಯೊಂದನ್ನು ಚಿಕ್ಕಪ್ಪನ ಮುಂದೆ ತೆರೆದೆ. ಎಣ್ಣೆ ಮೇಲೆ ಬಂದಿರಲಿಲ್ಲ, ನೀರು ಒಸರಿರಲಿಲ್ಲ, ಬೂಸ್ಟು ಹಿಡಿದಿರಲಿಲ್ಲ. ಬೆರಳಿಟ್ಟರೆ ಬೆಣ್ಣೆಯ ಮೇಲೆ ಬೀಳುವಂತಹ ಗುರುತು ಬಿತ್ತು, ಬಿದ್ದ ಗುರುತು ಹಾಗೆಯೇ ನಿಂತಿತು. ಚಿಕ್ಕಪ್ಪ ನಲವತ್ತು ವರ್ಷ ತೈಲ ಕಾಸಿದವರು. ಮೇಣ ಹಾಕದ ಮುಲಾಮು ಒಂದು ಮಳೆಗಾಲವನ್ನೂ ದಾಟುವುದಿಲ್ಲವೆಂದು ಐದು ವರ್ಷಗಳಿಂದ ನನಗೆ ಹೇಳುತ್ತ ಬಂದವರು. ಅವರು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಮುಂಗೈಗೆ ಸ್ವಲ್ಪ ತೀಡಿಕೊಂಡು, “ಮೇಣ ಹಾಕಿಲ್ಲ ಅಂತ ಆಣೆ ಮಾಡ್ತೀಯಾ ಮಾರಾಯ್ತಿ?” ಎಂದು ಕೇಳಿದರು. ಆಣೆ ಮಾಡಿದೆ. ಅದಾದ ಮೇಲೆ ಪರಿಚಯದ ವೈದ್ಯರು ಒಬ್ಬೊಬ್ಬರಾಗಿ ಕೇಳತೊಡಗಿದ್ದರಿಂದ ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ಅರೆಯುವ ಕಲ್ವ, ಕಾಸುವ ಉರುಳಿಗಳ ಬಳಕೆಯಿರುವವರಿಗಾಗಿ ಬರೆದದ್ದು ಇದು. ಸ್ನೇಹಪಾಕದ, ಅಂದರೆ ಮದ್ದಿನ ಎಣ್ಣೆ ಕಾಸುವ ಹದದ, ಲಕ್ಷಣಗಳನ್ನು ವಿವರಿಸಲು ಹೋಗುವುದಿಲ್ಲ.

ಈ ಔಷಧಯೋಗ ಹೊಸದೇನಲ್ಲ. ನಮ್ಮ ಅಜ್ಜನ ಕೈಬರಹದ ಪುಸ್ತಕದಲ್ಲಿ ಅದು ಮೂರು ಸಾಲಿನಲ್ಲಿದೆ: ನಾಲ್ಕು ಪಾಲು ಎಳ್ಳೆಣ್ಣೆ, ಒಂದು ಪಾಲು ರಾಳ, ಸ್ವಲ್ಪ ಪಟಿಕ, ಸ್ವಲ್ಪ ಶುದ್ಧ ಮಾಡಿದ ಮೈಲುತುತ್ತ, ಕರಗಿಸಿ, ನೀರಿನಲ್ಲಿ ಬೆಳ್ಳಗಾಗುವವರೆಗೆ ತೊಳೆಯಬೇಕು. ಇದರ ಮೂಲ 17ನೆಯ ಶತಮಾನದ ವೈದ್ಯಗ್ರಂಥ ‘ಯೋಗರತ್ನಾಕರ’ದ ಸರ್ಜರಸ ಮಲಹರ, ಅಂದರೆ ರಾಳದ ಮುಲಾಮು. ಮಲಹರವೆಂಬ ಹೆಸರು ಮಲವನ್ನು ಹರಣ ಮಾಡುವುದು ಎಂದು ಸಂಸ್ಕೃತದಲ್ಲಿ ಅರ್ಥ ಕೊಡುತ್ತದೆಯಾದರೂ ಅದರ ಹಿಂದೆ ಇರುವುದು ಯುನಾನಿ ಹಕೀಮರ ‘ಮರ್ಹಮ್’. ನಾವು ದಿನವೂ ಆಡುವ ‘ಮುಲಾಮು’ ಕೂಡ ಅದೇ ಮನೆಯ ಮಾತು. ಆ ಕಾಲದಲ್ಲಿ ಇಂತಹ ಕೊಡುಕೊಳೆ ಎರಡೂ ಕಡೆಯಿಂದ ನಡೆಯುತ್ತಿತ್ತು. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಷ್ತಾ ಈ ನೆಲದ ವೈದ್ಯವನ್ನು ಪಾರಸಿಯಲ್ಲಿ ಬರೆದಿಟ್ಟ. ನಮ್ಮ ವೈದ್ಯರು ಹಕೀಮರ ಮುಲಾಮನ್ನು ತಮ್ಮ ಗ್ರಂಥದೊಳಗೆ ತಂದುಕೊಂಡರು. ಚರಕ, ಸುಶ್ರುತರ ಲೇಪಗಳಿಗೂ ಈ ಮಲಹರಕ್ಕೂ ಇರುವ ವ್ಯತ್ಯಾಸ ಕೈಯಿಟ್ಟು ಮಾಡಿದವರಿಗೆ ಚೆನ್ನಾಗಿ ತಿಳಿಯುತ್ತದೆ: ಲೇಪವನ್ನು ಆಗಲೇ ಅರೆದು ಆಗಲೇ ಹಚ್ಚಬೇಕು, ಮುಲಾಮು ಡಬ್ಬಿಯಲ್ಲಿ ಕುಳಿತು ರೋಗಿಗಾಗಿ ಕಾಯಬೇಕು. ನಾನು ಇಷ್ಟು ವರ್ಷ ಹೆಣಗಿದ್ದು ಆ ಕಾಯುವ ಗುಣಕ್ಕಾಗಿ.

ಮೇಣ ಬೇಡವೆಂದು ನಾನು ಹಟ ಹಿಡಿದದ್ದಕ್ಕೆ ಕಾರಣಗಳಿವೆ. ನನ್ನ ಬಳಿ ಬರುವವರಲ್ಲಿ ಮುಕ್ಕಾಲು ಪಾಲು ಅಡಿಕೆ ತೋಟ ಮತ್ತು ಗದ್ದೆಯ ಕೆಲಸದವರು. ಮಳೆಗಾಲದಲ್ಲಿ ಬೆರಳ ಸಂದಿಯ ಕೆಸರುಹುಣ್ಣು, ಚಳಿಗಾಲದಲ್ಲಿ ರಕ್ತ ಜಿನುಗುವಷ್ಟು ಆಳದ ಹಿಮ್ಮಡಿ ಒಡಕು. ಮೇಣದ ಮುಲಾಮು ಒಡಕಿನ ಬಾಯಿಯ ಮೇಲೆ ಪದರವಾಗಿ ಕೂರುತ್ತದೆ. ಬರಿಗಾಲಿನಲ್ಲಿ ನಡೆದರೆ ಮಣ್ಣು ಮೆತ್ತಿಕೊಂಡು ಅರ್ಧ ಗಂಟೆಯಲ್ಲಿ ಕಿತ್ತುಬರುತ್ತದೆ. ಜೇನುಮೇಣವೆಂದು ಪೇಟೆಯಲ್ಲಿ ಕೊಡುವುದರಲ್ಲಿ ಪ್ಯಾರಾಫಿನ್ ಬೆರಕೆಯೂ ಬಹಳ. ಹಾಗೆ ಬೆರೆತ ಮೇಣದ ಮುಲಾಮು ಒಡಕಿನೊಳಗೆ ಇಳಿಯುವುದೇ ಇಲ್ಲ. ರಾಳವಾದರೋ ಎಣ್ಣೆಯೊಡನೆ ಒಡಕಿನ ತಳಕ್ಕೆ ಹೋಗಿ, ಅಲ್ಲಿ ಅಂಟಿ, ಎರಡು ದಡಗಳನ್ನೂ ಹಿಡಿದುಕೊಳ್ಳುತ್ತದೆ. ದೊಡ್ಡಮ್ಮನ ಕಾಲದಲ್ಲಿ ರಾಳವನ್ನು ಎಣ್ಣೆಯಲ್ಲಿ ಕರಗಿಸಿ ಬಿಸಿಯಿದ್ದಾಗಲೇ ಒಡಕಿಗೆ ತುಂಬುತ್ತಿದ್ದರು. ಗುಣವೇನೋ ಆಗುತ್ತಿತ್ತು, ಆದರೆ ಹಚ್ಚುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಮೊದಲ ಸೋಲು ರಾಳದಲ್ಲಿಯೇ ಆಯಿತು. ಪೇಟೆಯ ಅಂಗಡಿಯೊಂದರಲ್ಲಿ ರಾಳವೆಂದು ಕೇಳಿ ಎರಡು ಕಿಲೋ ತಂದೆ. ಜೇನಿನ ಬಣ್ಣದ, ಗಾಜಿನಂತೆ ಹೊಳೆಯುವ ತುಂಡುಗಳು. ನೋಡಲು ಬಹಳ ಶುದ್ಧವಾಗಿದ್ದವು. ಕರಗಿಸುವುದು ಕೂಡ ಸುಲಭವಾಯಿತು, ತೊಳೆದಾಗ ಬೇಗನೆ ಬೆಳ್ಳಗಾಯಿತು. ಮೊದಲ ಪ್ರಯತ್ನಕ್ಕೇ ಗೆದ್ದೆನೆಂದು ಹಿಗ್ಗಿ ದೊಡ್ಡಮ್ಮನ ಹಿಮ್ಮಡಿಗೆ ಹಚ್ಚಿದೆ. ಮೂರನೆಯ ದಿನಕ್ಕೆ ಒಡಕಿನ ಸುತ್ತ ಕೆಂಪು ಗುಳ್ಳೆಗಳೆದ್ದು, ಅವರು ರಾತ್ರಿಯಿಡೀ ಕಾಲು ಕೆರೆದುಕೊಂಡರು. ಅದು ರಾಳವೇ ಆಗಿರಲಿಲ್ಲ, ಪೈನ್ ಮರದ ರೋಸಿನ್ ಆಗಿತ್ತು. ಅದು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಅದನ್ನು ಕೊಟ್ಟ ಅಂಗಡಿಯವರಿಗೂ ವ್ಯತ್ಯಾಸ ತಿಳಿದಿರಲಿಲ್ಲವೆಂದು ತೋರುತ್ತದೆ. ಅವರು ಮಾರುತ್ತಿದ್ದದ್ದು ಬೆಸುಗೆ ಕೆಲಸದವರಿಗೆ. ಆಮೇಲೆ ನಾನು ಕೊಳ್ಳುವ ಮೊದಲು ಒಂದು ಚೂರನ್ನು ಕೆಂಡದ ಮೇಲೆ ಹಾಕಿ ನೋಡುತ್ತೇನೆ. ರೋಸಿನ್ ಟರ್ಪೆಂಟೈನ್ ವಾಸನೆಯ ಕಪ್ಪು ಹೊಗೆ ಬಿಡುತ್ತದೆ. ಒಳ್ಳೆಯ ರಾಳದ ಹೊಗೆಯಲ್ಲಿ ದೇವಸ್ಥಾನದ ಧೂಪಾರತಿಯ ನೆನಪಿದೆ. ಚೂರನ್ನು ಬೆರಳುಗಳ ನಡುವೆ ಉಜ್ಜಿದಾಗ ರೋಸಿನ್ ಜಿಗುಟಾಗುತ್ತದೆ, ರಾಳ ಪುಡಿಯಾಗುತ್ತದೆ.

ಶಾಸ್ತ್ರದ ಸರ್ಜರಸವೆಂದರೆ ಉತ್ತರದ ಸಾಲವೃಕ್ಷದ ರಾಳ. ಅದು ಒಳ್ಳೆಯದು ಸಿಕ್ಕರೆ ಬೇರೆ ಮಾತಿಲ್ಲ. ಆದರೆ ನನಗೆ ಕೊನೆಯಲ್ಲಿ ಕೈಹಿಡಿದದ್ದು ನಮ್ಮದೇ ಘಟ್ಟದ ಸಾಲುಧೂಪ, ಬಿಳಿಧೂಪವೆಂದು ಕರೆಯುವ ಮರದ ಅಂಟು. ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಡೆ ತಾನಾಗಿ ಬೆಳೆಯದ ಈ ಮರ ಡಚ್ಚರ ಅಧಿಕಾರಿ ವಾನ್ ರೀಡ್ ಮಾಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್‌’ ಎಂಬ ಸಸ್ಯಗ್ರಂಥದಲ್ಲಿ ಚಿತ್ರಸಹಿತ ಇದೆ. ಆ ಸಂಪುಟಗಳ ಹಿಂದೆ ಮಲಯಾಳದ ವೈದ್ಯ ಇಟ್ಟಿ ಅಚ್ಯುದನ್ ಇದ್ದಾನೆ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿದ್ದಾರೆ. ಸಾಲುಧೂಪದ ಅಂಟು ಸಾಲದ ರಾಳಕ್ಕಿಂತ ನನ್ನ ಕೈಗೆ ಮೃದುವೆನಿಸಿದ್ದರಿಂದ ನಾಲ್ಕಕ್ಕೆ ಒಂದು ಪಾಲಿದ್ದದ್ದನ್ನು ಸ್ವಲ್ಪ ಏರಿಸಿದೆ. ಈಗ ಸುಮಾರು ಏಳು ಪಾಲು ಎಣ್ಣೆಗೆ ಎರಡು ಪಾಲು ಹಾಕುತ್ತೇನೆ. ಇನ್ನೊಂದು ಮರದ ಅಂಟಾದ ಕರಿಧೂಪವನ್ನೂ ಒಮ್ಮೆ ಹಾಕಿ ನೋಡಿದೆ. ಬಣ್ಣ ಮಣ್ಣಿನಂತಾಯಿತು, ಎಷ್ಟು ತೊಳೆದರೂ ಬಿಳುಪು ಬರಲಿಲ್ಲ, ಅಲ್ಲಿಗೆ ಅದನ್ನು ಬಿಟ್ಟೆ. ಮರಕ್ಕೆ ಗಾಯ ಮಾಡಿ ಅಂಟು ತೆಗೆಯುವವರಿಂದ ನಾನು ಕೊಳ್ಳುವುದಿಲ್ಲ. ತಾನಾಗಿ ಒಸರಿ ಗಟ್ಟಿಯಾದದ್ದನ್ನು ತಂದುಕೊಡುವ ಒಬ್ಬರಿದ್ದಾರೆ, ವರ್ಷಕ್ಕೆ ಮೂರು ನಾಲ್ಕು ಕಿಲೋಗಿಂತ ಹೆಚ್ಚು ಸಿಗುವುದಿಲ್ಲ.

ಎರಡನೆಯ ಸೋಲು ಬೆಂಕಿಯದು. ಯಕ್ಷಗಾನ ನೋಡಿ ಬೆಳೆದವರಿಗೆ ರಾಳವೆಂದರೆ ಏನೆಂದು ಹೇಳಬೇಕಾಗಿಲ್ಲ. ಬಣ್ಣದ ವೇಷ ಬರುವಾಗ ದೊಂದಿಯ ಮೇಲೆ ಹಿಡಿ ರಾಳದ ಪುಡಿ ಎರಚಿದರೆ ಆಳೆತ್ತರದ ಜ್ವಾಲೆ ಏಳುತ್ತದೆ. ಅಷ್ಟು ತಿಳಿದಿದ್ದೂ ನಾನು ಬಟ್ಟೆಯಲ್ಲಿ ಜರಡಿ ಹಿಡಿದು ವಸ್ತ್ರಗಾಳಿತ ಮಾಡಿದ ರಾಳವನ್ನು ಒಲೆಯ ಮೇಲಿದ್ದ ಬಿಸಿ ಎಣ್ಣೆಗೆ ಎತ್ತರದಿಂದ ಉದುರಿಸಿದೆ. ಗಾಳಿಯಲ್ಲಿ ತೇಲಿದ ಪುಡಿ ಉರಿಗೆ ತಾಗಿತು. ಕ್ಷಣಮಾತ್ರದಲ್ಲಿ ಬಾಣಲೆಯ ಅಂಚೆಲ್ಲ ಉರಿಯತೊಡಗಿತು. ಒದ್ದೆ ಗೋಣಿಚೀಲವನ್ನು ಮುಚ್ಚಿದ್ದರಿಂದ ಮನೆ ಉಳಿಯಿತು. ಎಡ ಮುಂಗೈಯ ಮೇಲೆ ಆ ದಿನದ ಕಲೆ ಇನ್ನೂ ಇದೆ. ಈಗ ಎಣ್ಣೆಯನ್ನು ಸುಮಾರು 130 ಡಿಗ್ರಿಯವರೆಗೆ ಕಾಯಿಸಿ, ಒಲೆ ಆರಿಸಿ, ಪಾತ್ರೆಯನ್ನು ಕೆಳಗಿಟ್ಟು, ಆಮೇಲೆ ಚಮಚ ಚಮಚವಾಗಿ ರಾಳ ಸೇರಿಸುತ್ತೇನೆ. ಪುಡಿ ನುಣ್ಣಗಿರಬೇಕಾಗಿಯೂ ಇಲ್ಲ, ಅವಲಕ್ಕಿ ನುಚ್ಚಿನಷ್ಟಿದ್ದರೆ ಸಾಕು. ಕರಗದೆ ಉಳಿದರೆ ಮತ್ತೆ ಸಣ್ಣ ಉರಿಗೆ ಏರಿಸುತ್ತೇನೆ. ಏಳುನೂರು ರೂಪಾಯಿ ಕೊಟ್ಟು ತಂದ ಥರ್ಮಾಮೀಟರ್ ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಳಿಸಿದ ವಸ್ತು. ಬಿಸಿ ಹೆಚ್ಚಾದರೆ ಎಣ್ಣೆ ಕಂದಾಗುತ್ತದೆ, ಆ ಕಂದು ನೂರು ನೀರಿಗೂ, ಅಂದರೆ ನೂರು ಸಲ ನೀರು ಬದಲಿಸಿ ತೊಳೆದರೂ, ಹೋಗುವುದಿಲ್ಲ.

ತಾಮ್ರದ ಪಾತ್ರೆಯ ವಿಷಯಕ್ಕೆ ಬರುತ್ತೇನೆ. ಶತಧೌತ ಘೃತವನ್ನು (ನೂರು ಸಲ ತೊಳೆದ ತುಪ್ಪವನ್ನು) ತಾಮ್ರದಲ್ಲಿ ತೊಳೆಯುವ ರೂಢಿಯಿರುವುದರಿಂದ ಇದನ್ನೂ ಅಜ್ಜನ ತಾಮ್ರದ ಪರಾತದಲ್ಲಿಯೇ ತೊಳೆದೆ. ಆ ದಿನ ಸಂಜೆ ನೆಂಟರು ಬಂದದ್ದರಿಂದ ಅರವತ್ತನೆಯ ನೀರಿಗೆ ನಿಲ್ಲಿಸಿ, ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಮುಲಾಮು ಪಾತ್ರೆಗೆ ತಾಗಿದ್ದ ಕಡೆಯೆಲ್ಲ ಪಾಚಿಯಂತಹ ಹಸಿರಾಗಿತ್ತು. ರಾಳದ ಹುಳಿ ತಾಮ್ರವನ್ನು ತಿಂದಿತ್ತು. ಯುರೋಪಿನ ಹಳೆಯ ಶಸ್ತ್ರವೈದ್ಯರು ತಾಮ್ರದ ಕಿಲುಬು, ಜೇನು ಮತ್ತು ವಿನೆಗರ್ ಕುದಿಸಿ ಮಾಡುತ್ತಿದ್ದ ‘ಈಜಿಪ್ಶಿಯಾಕಮ್’ ಎಂಬ ಹುಣ್ಣಿನ ಮುಲಾಮಿಗೂ ತಾಮ್ರವೇ ಆಧಾರ. ಆದರೆ ಎಷ್ಟು ತಾಮ್ರ ಇಳಿದಿದೆಯೆಂದು ಅಳೆಯಲಾಗದ ಔಷಧವನ್ನು ಒಡೆದ ಚರ್ಮಕ್ಕೆ ಹಚ್ಚಲಾರೆ. ಅಷ್ಟನ್ನೂ, ಸುಮಾರು ಒಂದು ಕಿಲೋ, ಗುಂಡಿ ತೋಡಿ ಹುಗಿದೆ. ಈಗ ಸ್ಟೀಲಿನ ಪರಾತ ಬಳಸುತ್ತೇನೆ. ತಾಮ್ರ ಬೇಕಾದರೆ ಶೋಧಿಸಿದ ಮೈಲುತುತ್ತವನ್ನು ತೂಗಿ ಹಾಕುತ್ತೇನೆ. ಆಗ ಎಷ್ಟು ಹೋಯಿತೆಂಬುದು ನನಗೆ ಗೊತ್ತಿರುತ್ತದೆ. ಒಂದು ಎಚ್ಚರಿಕೆ: ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ ಮನೆಯಲ್ಲಿದೆಯೆಂದು ಅದನ್ನೇ ಮುಲಾಮಿಗೆ ಹಾಕಬಾರದು. ನಿಂಬೆರಸದಲ್ಲಿ ಎಷ್ಟು ಅರೆದರೂ ಅದು ಮದ್ದಿನ ತುತ್ತವಾಗುವುದಿಲ್ಲ.

ನೀರಿನ ಗುಟ್ಟು ತಿಳಿಯಲು ಎರಡು ವರ್ಷ ಬೇಕಾಯಿತು. ಬೋರ್‌ವೆಲ್ ನೀರಿನಲ್ಲಿ ತೊಳೆದಾಗಲೆಲ್ಲ ಮುಲಾಮಿನಲ್ಲಿ ರವೆಯಂತಹ ಕಾಳು ಕಾಳು ನಿಲ್ಲುತ್ತಿತ್ತು. ಕಲ್ವದಲ್ಲಿ ಅರೆದರೂ ಹೋಗುತ್ತಿರಲಿಲ್ಲ. ರಾಳ ಸರಿಯಾಗಿ ಕರಗಿಲ್ಲವೆಂದುಕೊಂಡು ಬೆಂಕಿ ಹೆಚ್ಚಿಸಿದೆ, ಬಟ್ಟೆ ಬದಲಾಯಿಸಿದೆ, ಗಾಣದವರನ್ನು ದೂರಿದೆ. ಒಮ್ಮೆ ಕರೆಂಟು ಹೋಗಿ ಪಂಪು ನಿಂತ ದಿನ, ಮಾಡಿನ ನೀರು ಹಿಡಿದಿಟ್ಟಿದ್ದ ಹಂಡೆಯಿಂದ ತೊಳೆದೆ. ಕಾಳೇ ಇಲ್ಲದ ನುಣುಪು ಬಂತು. ಗಡಸು ನೀರಿನ ಸುಣ್ಣದಂಶ ರಾಳದೊಡನೆ ಕೂಡಿ ಕಾಳಾಗುತ್ತಿತ್ತು, ಅಷ್ಟೆ. ಅಂದಿನಿಂದ ಮಳೆನೀರು ಅಥವಾ ಮೆದು ನೀರಿನ ಬಾವಿ. ಜುಲೈ ತಿಂಗಳಲ್ಲಿ ಎರಡು ಡ್ರಮ್ ಮಳೆನೀರನ್ನು ಮೊದಲ ಮಳೆಗಳೆಲ್ಲ ಮಾಡನ್ನು ತೊಳೆದ ಮೇಲೆ ಹಿಡಿದು, ಬಟ್ಟೆ ಕಟ್ಟಿ ಇಟ್ಟುಕೊಳ್ಳುತ್ತೇನೆ. ತೊಳೆಯುವುದು ಚಳಿಗಾಲದಲ್ಲಿ.

ತೊಳೆಯುವುದೇ ಈ ಮುಲಾಮಿನ ಪ್ರಾಣ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೋಸಿದ ರಾಳದೆಣ್ಣೆ ಕೈ ತಾಳುವಷ್ಟು ಆರಿದ ಮೇಲೆ, ಬೆಳಗಿನ ಐದು ಗಂಟೆಯ ಹೊತ್ತಿಗೆ, ಮಣ್ಣಿನ ಮಡಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ತಣ್ಣೀರನ್ನು ಪರಾತಕ್ಕೆ ಅದರಷ್ಟೇ ಹಾಕಿ, ಅಂಗೈಯಿಂದ ಪಾತ್ರೆಯ ತಳಕ್ಕೆ ಒತ್ತಿ ಒಂದೇ ದಿಕ್ಕಿಗೆ ತಿರುಗಿಸಬೇಕು. ಮೊದಲ ಹತ್ತು ನೀರಿನವರೆಗೆ ಏನೂ ಆಗುತ್ತಿಲ್ಲವೆಂದೇ ಅನಿಸುತ್ತದೆ. ಎಣ್ಣೆ ಜಾರಿ ಜಾರಿ ಹೋಗುತ್ತದೆ, ಚೆಲ್ಲಿದ ನೀರಿನೊಡನೆ ಒಂದಿಷ್ಟು ಎಣ್ಣೆಯೂ ಹೋಗುತ್ತದೆ. ಹದಿನೈದರ ಹೊತ್ತಿಗೆ ಅದು ಅಂಬಲಿಯಂತಾಗಿ ಬೆರಳ ಸಂದಿಯಲ್ಲಿ ನಿಲ್ಲತೊಡಗುತ್ತದೆ. ಮೂವತ್ತಕ್ಕೆ ಬಣ್ಣ ಗೋಧಿಯಿಂದ ಮಜ್ಜಿಗೆಗೆ ತಿರುಗುತ್ತದೆ. ಅಂಗೈ ಎತ್ತಿದರೆ ಪಾತ್ರೆಯಿಂದ ಬಿಡುವಾಗ ಮುದ್ದೆ ಬಿಟ್ಟಂತೆ ಒಂದು ಸಣ್ಣ ಸದ್ದು ಬರುತ್ತದೆ. ಆ ಸದ್ದಿಗಾಗಿ ಕಿವಿಗೊಟ್ಟಿರಬೇಕು, ಏಕೆಂದರೆ ಅಲ್ಲಿಂದ ಮುಂದೆ ನೀರು ಹಾಕುವ ರೀತಿ ಬದಲಾಗಬೇಕು. ಅದಕ್ಕೆ ಮುಂಚೆ ಒಮ್ಮೆಗೇ ಸುರಿದ ನೀರನ್ನು ಈಗ ಹನಿ ಹನಿಯಾಗಿ ಕುಡಿಸಬೇಕು. ಮುಲಾಮು ನೀರನ್ನು ಚೆಲ್ಲದೆ ಒಳಗೆ ತೆಗೆದುಕೊಳ್ಳುವ ಕಾಲ ಅದು. ಇಲ್ಲಿ ಅವಸರ ಮಾಡಿದವರ ಮುಲಾಮು ಒಂದು ತಿಂಗಳಲ್ಲಿ ಒಡೆಯುತ್ತದೆ. ಚಿಕ್ಕಪ್ಪನ ಅನುಭವವೂ ಅದೇ ಆಗಿತ್ತು. ಅವರು ಏಳು ನೀರಿಗೆ ನಿಲ್ಲಿಸಿ ಮೇಣ ಸೇರಿಸುತ್ತಿದ್ದರು.

ಲೆಕ್ಕಕ್ಕೆ ನಾನು ನೂರು ಹುಣಸೆಬೀಜ ಇಟ್ಟುಕೊಳ್ಳುತ್ತೇನೆ, ನೀರಿಗೊಂದರಂತೆ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುತ್ತೇನೆ. ನೂರೇ ಆಗಬೇಕೆಂಬ ನಂಬಿಕೆ ನನಗೆ ಮೊದಲು ಇರಲಿಲ್ಲ. ಇಪ್ಪತ್ತೊಂದು, ಐವತ್ತು, ನೂರು ಹೀಗೆ ಮೂರು ಡಬ್ಬಿ ತೆಗೆದು ಒಂದೇ ಕಪಾಟಿನಲ್ಲಿಟ್ಟೆ. ಇಪ್ಪತ್ತೊಂದರದ್ದು ಆರು ವಾರಕ್ಕೆ ಎಣ್ಣೆ ಬಿಟ್ಟಿತು, ಐವತ್ತರದ್ದು ಮಾರ್ಚಿನ ಬಿಸಿಲಿಗೆ ಸಡಿಲವಾಯಿತು, ನೂರರದ್ದು ನಿಂತಿತು. ಎಂಬತ್ತಕ್ಕೂ ನೂರಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳುತ್ತೇನೆ, ಆದರೂ ನೂರು ಮಾಡುತ್ತೇನೆ. ಮಿಕ್ಸಿಯಲ್ಲಿ ಹಾಕಿ ನೋಡೆಂದು ಹೇಳಿದವರಿದ್ದಾರೆ. ಹಾಕಿದೆ. ಹತ್ತು ನಿಮಿಷದಲ್ಲಿ ಬೆಳ್ಳಗಾಯಿತು, ಹತ್ತು ದಿನದಲ್ಲಿ ಒಡೆಯಿತು. ಮಿಕ್ಸಿಯ ಬಿಸಿ ಅದಕ್ಕೆ ಆಗುವುದಿಲ್ಲ.

ಬೂಸ್ಟು ಬಹಳ ಕಾಡಿತು. ಎಣ್ಣೆಯೊಳಗೆ ಇಷ್ಟು ನೀರು ಕುಳಿತ ಮೇಲೆ ಆಷಾಢದಲ್ಲಿ ಕರಿ ಚುಕ್ಕೆ ಬರದಿದ್ದರೆ ಆಶ್ಚರ್ಯ. ಮೂರನೆಯ ವರ್ಷ ನಲವತ್ತು ಡಬ್ಬಿಗಳಲ್ಲಿ ಮೂವತ್ತಕ್ಕೂ ಹೆಚ್ಚು ಹಾಳಾದವು. ಕೊನೆಯ ಇಪ್ಪತ್ತು ನೀರನ್ನು ಕುದಿಸಿ ಆರಿಸಿ ಬಳಸುವುದು, ತೊಳೆದ ಮುಲಾಮನ್ನು ಪರಾತದಲ್ಲಿ ಓರೆಯಾಗಿ ಒಂದು ರಾತ್ರಿ ಇಟ್ಟು ಬಿಡಿನೀರನ್ನು ಬಸಿಯುವುದು, ಡಬ್ಬಿಗಳನ್ನು ಬಿಸಿನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸುವುದು, ಇಷ್ಟರಿಂದ ಅರ್ಧ ಗೆದ್ದೆ. ಉಳಿದರ್ಧವನ್ನು ಗೆಲ್ಲಿಸಿದ್ದು ಪಟಿಕ ಮತ್ತು ಮೈಲುತುತ್ತ. ಅಜ್ಜನ ಪುಸ್ತಕದಲ್ಲಿ ಇವೆರಡನ್ನೂ ಎಣ್ಣೆಗೇ ಹಾಕಲು ಬರೆದಿದೆ. ನಾನು ಹಾಗೆ ಮಾಡುವುದಿಲ್ಲ. ತೊಳೆದರೆ ನೀರಿನೊಡನೆ ಹೋಗಿಬಿಡುವ ವಸ್ತುಗಳನ್ನು ಮೊದಲೇ ಏಕೆ ಹಾಕಬೇಕೆಂದು ಯೋಚಿಸಿದವರಿಗೆ ಯಾವಾಗ ಹಾಕಬೇಕೆಂಬುದು ತಾನಾಗಿ ಹೊಳೆಯುತ್ತದೆ. ಎಷ್ಟು ಹಾಕುತ್ತೇನೆ, ಕೊನೆಯ ಮೂರು ನೀರಿನಲ್ಲಿ ಯಾವ ಸೊಪ್ಪಿನ ಕಷಾಯ ಸೇರಿರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಐದು ವರ್ಷದ ದುಡಿಮೆಯಲ್ಲಿ ಅಷ್ಟನ್ನು ನನ್ನ ಬಳಿ ಉಳಿಸಿಕೊಳ್ಳುವುದು ನ್ಯಾಯವೆಂದು ಭಾವಿಸುತ್ತೇನೆ. ಅದಿಲ್ಲದೆಯೂ ಒಂದು ವರ್ಷ ನಿಲ್ಲುವ ಮುಲಾಮು ಖಂಡಿತ ಬರುತ್ತದೆ.

ಮುಲಾಮು ನಿಂತರೆ ಸಾಲದು, ಗುಣ ಮಾಡಬೇಕು. ಇದನ್ನು ಪರೀಕ್ಷಿಸುವ ದಾರಿಯನ್ನು ನಾನು ಕಲಿತದ್ದು ಫ್ರಾನ್ಸಿನ ಹಳೆಯ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆಯಿಂದ. 1530ರ ದಶಕದಲ್ಲಿ ತೂರಿನ್ ಬಳಿಯ ಯುದ್ಧದಲ್ಲಿ, ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುವುದೇ ಶಾಸ್ತ್ರವಾಗಿದ್ದಾಗ, ಎಣ್ಣೆ ಮುಗಿದುಹೋಗಿ ಅವನು ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ ಮತ್ತು ಟರ್ಪೆಂಟೈನ್ ಬೆರೆಸಿ ಹಚ್ಚಿದ. ಎಣ್ಣೆ ಸುರಿಯದ ಸೈನಿಕರು ವಿಷವೇರಿ ಸತ್ತಿರಬಹುದೆಂಬ ಭಯದಿಂದ ರಾತ್ರಿ ನಿದ್ದೆ ಬಾರದೆ ಬೆಳಿಗ್ಗೆ ಬೇಗ ಎದ್ದು ಹೋಗಿ ನೋಡಿದರೆ ನೋವು ಕಡಿಮೆಯಿದ್ದದ್ದು ಅವರಿಗೇ. 1545ರಲ್ಲಿ ಅದನ್ನು ಅಚ್ಚು ಮಾಡಿಸಿದ. ಟರ್ಪೆಂಟೈನ್ ಎಂದರೆ ಮರದ ಅಂಟೇ ಅಲ್ಲವೇ? ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವನ ಈರುಳ್ಳಿಯ ಕಥೆ. ಸುಟ್ಟ ಗಾಯಕ್ಕೆ ಉಪ್ಪು ಬೆರೆಸಿದ ಹಸಿ ಈರುಳ್ಳಿ ಜಜ್ಜಿ ಹಾಕೆಂದು ಹಳ್ಳಿಯ ಮುದುಕಿಯೊಬ್ಬಳು ಹೇಳಿದ್ದನ್ನು ಅವನು ತಳ್ಳಿಹಾಕಲಿಲ್ಲ; ಮುಖ ಸುಟ್ಟುಕೊಂಡ ಒಬ್ಬನಿಗೆ ಒಂದು ಕಡೆ ಈರುಳ್ಳಿ, ಇನ್ನೊಂದು ಕಡೆ ರೂಢಿಯ ಔಷಧ ಹಚ್ಚಿ ಹೋಲಿಸಿ ನೋಡಿದ. ಒಬ್ಬನೇ ರೋಗಿ, ಒಂದೇ ರಕ್ತ, ಎರಡು ಮದ್ದು.

ನಾನೂ ಹಾಗೆಯೇ ಮಾಡಿದೆ. ಎರಡೂ ಹಿಮ್ಮಡಿ ಒಡೆದವರನ್ನು ಕೇಳಿಕೊಂಡು, ಅವರ ಒಪ್ಪಿಗೆಯ ಮೇಲೆ, ಎಡಗಾಲಿಗೆ ರಾಳದ ಮುಲಾಮು, ಬಲಗಾಲಿಗೆ ಪೇಟೆಯ ಮೇಣದ ಮುಲಾಮು ಕೊಟ್ಟೆ. ಡಬ್ಬಿಗಳ ಮೇಲೆ ಎಡ, ಬಲ ಎಂದಷ್ಟೇ ಬರೆದಿದ್ದೆ. ಇಪ್ಪತ್ತನಾಲ್ಕು ಜನ ಶುರು ಮಾಡಿದರು, ಐದಾರು ಮಂದಿ ನಡುವೆ ಬಿಟ್ಟರು. ಉಳಿದವರಲ್ಲಿ ಮೂರು ವಾರದ ಹೊತ್ತಿಗೆ ಹದಿಮೂರೋ ಹದಿನಾಲ್ಕೋ ಜನರ ಎಡಗಾಲು ಮೊದಲು ಕೂಡಿತ್ತು, ಇಬ್ಬರಿಗೆ ಬಲಗಾಲು, ಮಿಕ್ಕವರಿಗೆ ಎರಡೂ ಸಮ. ಒಬ್ಬ ಅಕ್ಕ ಎರಡನೆಯ ವಾರವೇ ಬಂದು, “ಡಾಕ್ಟ್ರಮ್ಮ, ಎಡಗಾಲಿಂದನ್ನೇ ಎರಡಕ್ಕೂ ಹಚ್ಕೊಂಡೆ, ಬಯ್ಯಬೇಡಿ” ಎಂದರು. ಅವರನ್ನು ಲೆಕ್ಕದಿಂದ ತೆಗೆಯಬೇಕಾಯಿತು, ಆದರೆ ಆ ಮಾತು ನನಗೆ ಲೆಕ್ಕಕ್ಕಿಂತ ಹೆಚ್ಚಿನದಾಗಿತ್ತು. ಕೆಸರುಹುಣ್ಣಿಗೆ ಇಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಬೆರಳ ಸಂದಿ ಒಣಗಬೇಕಾದಲ್ಲಿ ಎಣ್ಣೆಯ ಮುಲಾಮು ತೇವವನ್ನು ಹಿಡಿದಿಡುತ್ತದೆ. ಈಗ ಅದಕ್ಕೆ ಕೊಡುವುದಿಲ್ಲ. ಮಧುಮೇಹಿಗಳ ಕಾಲಿನ ಹುಣ್ಣು, ಬೊಬ್ಬೆ ಒಡೆದ ದೊಡ್ಡ ಸುಟ್ಟಗಾಯ, ಕೀವಿನೊಡನೆ ಜ್ವರವಿರುವ ಗಾಯಗಳನ್ನು ನಾನು ಮುಟ್ಟದೆ ಆಸ್ಪತ್ರೆಗೆ ಕಳಿಸುತ್ತೇನೆ. ಮೊದಲ ಸಲ ಹಚ್ಚುವವರಿಗೆ ಒಳಮೊಣಕೈಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಲು ಹೇಳುವುದನ್ನು ದೊಡ್ಡಮ್ಮನ ಗುಳ್ಳೆಗಳ ನಂತರ ಎಂದೂ ತಪ್ಪಿಸಿಲ್ಲ.

ಪಾರೆಯ ಮಿಶ್ರಣವನ್ನೂ ಕುತೂಹಲಕ್ಕೆ ಮಾಡಿದೆ. ನಾಟಿಕೋಳಿ ಮೊಟ್ಟೆಯ ಎರಡು ಹಳದಿ, ಗುಲಾಬಿ ಪಕಳೆ ಹಾಕಿ ಬಿಸಿಲಿಗಿಟ್ಟ ಎಣ್ಣೆ, ಟರ್ಪೆಂಟೈನಿನ ಬದಲು ಎಣ್ಣೆಯಲ್ಲಿ ಕರಗಿಸಿದ ಸಾಲುಧೂಪ. ಹಳದಿ ಸೇರಿದ ಕೂಡಲೇ ಅದು ಎಷ್ಟು ಚೆಂದವಾಗಿ ಕೂಡಿಬಂತೆಂದರೆ, ನಾನು ನೂರು ನೀರಿನಲ್ಲಿ ಸಾಧಿಸಿದ್ದನ್ನು ಮೊಟ್ಟೆ ಎರಡು ನಿಮಿಷದಲ್ಲಿ ಸಾಧಿಸಿತು. ನಾಲ್ಕನೆಯ ದಿನಕ್ಕೆ ಡಬ್ಬಿ ತೆರೆಯಲಾಗದಷ್ಟು ನಾತ. ಯುದ್ಧಭೂಮಿಯಲ್ಲಿ ಆಗಲೇ ಮಾಡಿ ಆಗಲೇ ಹಚ್ಚುವವನಿಗೆ ಅದು ಸರಿ. ರೋಗಿಗಳಾರಿಗೂ ಅದನ್ನು ಹಚ್ಚಲಿಲ್ಲ. ಇನ್ನೊಂದು ಪ್ರಯೋಗ ಸುಣ್ಣದ ತಿಳಿಯದು. ಸುಟ್ಟದ್ದಕ್ಕೆ ಸುಣ್ಣದ ತಿಳಿನೀರು ಮತ್ತು ಕೊಬ್ಬರಿ ಎಣ್ಣೆ ಕಡೆದು ಹಚ್ಚುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಸ್ಕಾಟ್ಲೆಂಡಿನ ಕ್ಯಾರನ್ ಕಬ್ಬಿಣದ ಕಾರ್ಖಾನೆಯಲ್ಲಿ ಸುಟ್ಟುಕೊಂಡವರಿಗೆ ಅಗಸೆ ಎಣ್ಣೆ ಮತ್ತು ಸುಣ್ಣದ ತಿಳಿ ಬೆರೆಸಿ ಹಚ್ಚುತ್ತಿದ್ದರಂತೆ, ಅದಕ್ಕೆ ಕ್ಯಾರನ್ ಎಣ್ಣೆಯೆಂದೇ ಹೆಸರು ಬಂತು. ರಾಳದೆಣ್ಣೆಗೆ ಸುಣ್ಣದ ತಿಳಿ ಹಾಕಿದರೆ ತೊಳೆಯುವ ಶ್ರಮ ಉಳಿಯಬಹುದೆಂದು ನನ್ನ ಎಣಿಕೆ. ಮೂರು ಸುತ್ತಿನಲ್ಲಿಯೇ ಗಟ್ಟಿಯಾಯಿತು, ಆದರೆ ಬೋರ್‌ವೆಲ್ ನೀರಿನಲ್ಲಿ ಬಂದಿದ್ದ ಕಾಳುಗಳೇ ಹತ್ತು ಪಟ್ಟಾಗಿ ಬಂದವು. ಕಾಳಿಗೆ ಸುಣ್ಣವೇ ಕಾರಣವೆಂಬ ನನ್ನ ಊಹೆ ಆಗ ಗಟ್ಟಿಯಾಯಿತು.

ಹಣದ ಲೆಕ್ಕ ಕೇಳುವವರು ಹೆಚ್ಚು. ನೆನಪಿನ ಮೇಲೆ ಹೇಳುತ್ತೇನೆ. ಮೊದಲ ಮೂರು ವರ್ಷದಲ್ಲಿ ಎಸೆದದ್ದು, ಹುಗಿದದ್ದು, ಸುಟ್ಟದ್ದು ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಣದ ಎಳ್ಳೆಣ್ಣೆಗೇ ಹೋಯಿತು. ಈಗ ಒಂದು ಪಾಕಕ್ಕೆ ಏಳುನೂರು ಗ್ರಾಂ ಎಣ್ಣೆ, ಇನ್ನೂರು ಗ್ರಾಂ ರಾಳ ಹಿಡಿಯುತ್ತದೆ. ಎಣ್ಣೆಗೆ ಮುನ್ನೂರೈವತ್ತು, ರಾಳಕ್ಕೆ ನೂರಿಪ್ಪತ್ತು, ಗ್ಯಾಸಿಗೆ ಮೂವತ್ತು ರೂಪಾಯಿ. ನೀರು ಕುಡಿದ ಮೇಲೆ ಒಂದೂಕಾಲು ಕಿಲೋ ಹತ್ತಿರ ಮುಲಾಮು ಬರುತ್ತದೆ, ಇಪ್ಪತ್ತೈದು ಗ್ರಾಮಿನ ಸುಮಾರು ಐವತ್ತು ಡಬ್ಬಿ. ಡಬ್ಬಿಗಳಿಗೆ ನಾನೂರು. ತೊಳೆಯಲು ಇಬ್ಬರಿಗೆ ಐದು ಗಂಟೆ ಬೇಕು. ನನಗೆ ನೆರವಾಗುವ ಹೆಂಗಸಿಗೆ ಅರ್ಧ ದಿನದ ಸಂಬಳಕ್ಕಿಂತ ಹೆಚ್ಚೇ ಕೊಡುತ್ತೇನೆ, ಏಕೆಂದರೆ ತಣ್ಣೀರಿನಲ್ಲಿ ಐದು ಗಂಟೆ ಕೈಯಿಡುವುದು ಸುಲಭದ ಮಾತಲ್ಲ. ಎಲ್ಲ ಸೇರಿ ಡಬ್ಬಿಗೆ ಇಪ್ಪತ್ತೈದು, ಇಪ್ಪತ್ತಾರು ರೂಪಾಯಿ ಬೀಳುತ್ತದೆ. ನನ್ನ ರೋಗಿಗಳಿಗೆ ಅರವತ್ತಕ್ಕೆ ಕೊಡುತ್ತೇನೆ. ಅಂಗಡಿಗೆ ಹಾಕಬೇಕೆಂದರೆ ಔಷಧ ತಯಾರಿಕೆಯ ಪರವಾನಗಿ ಬೇಕು. ಅದರ ಖರ್ಚು ನೂರು ನೀರಿನ ಮುಲಾಮಿಗೆ ಹುಟ್ಟುವುದಿಲ್ಲ, ಆ ಆಸೆಯನ್ನು ಬಿಟ್ಟಿದ್ದೇನೆ.

ಈ ಜುಲೈಯಲ್ಲಿ ಮೂರು ಡ್ರಮ್ ನೀರು ಹಿಡಿದಿಟ್ಟಿದ್ದೇನೆ. ಬರುವ ಡಿ‍ಸೆಂಬರಿನಲ್ಲಿ ಎರಡು ಪಾಕವನ್ನು ಪಕ್ಕಪಕ್ಕದಲ್ಲಿ ತೊಳೆಯುವ ಯೋಚನೆಯಿದೆ: ಒಂದು ಸಾಲುಧೂಪದ್ದು, ಇನ್ನೊಂದು ಉತ್ತರದಿಂದ ತರಿಸಿದ ಸಾಲದ ರಾಳದ್ದು, ಎಣ್ಣೆ ಒಂದೇ ಗಾಣದ್ದು. ಎರಡನೆಯ ಪರಾತಕ್ಕೆ ತಾವೇ ಕೂರುತ್ತೇನೆಂದು ಚಿಕ್ಕಪ್ಪ ಹೇಳಿದ್ದಾರೆ. ಎಪ್ಪತ್ತಾರರ ಕೈಗೆ ತಣ್ಣೀರು ಬೇಡವೆಂದರೂ ಕೇಳುತ್ತಿಲ್ಲ, ಹುಣಸೆಬೀಜವನ್ನು ಈಗಲೇ ಎಣಿಸಿ ತಂದುಕೊಟ್ಟಿದ್ದಾರೆ.